ಹಿತ್ತಿಲಿನ ಗೊಬ್ಬರದ ಗುಂಡಿ

ಮನೆಯೊಳಕ್ಕೆ ದಿನವೂ ಬರುವ ಪದಾರ್ಥಗಳಿಗೆ ಗೃಹಸ್ಥರೆಲ್ಲರೂ ಲೆಕ್ಕವಿಡುತ್ತಾರೆ. ಹೊರಕ್ಕೆ ಹೋಗುವುದಕ್ಕೆ ಲೆಕ್ಕವಿಡುವವರು ವಿರಳ. ತರಕಾರಿಯ ಸಿಪ್ಪೆ, ಊಟದ ಬಾಳೆಯೆಲೆ, ಪೂಜೆಯ ನಿರ್ಮಾಲ್ಯ, ಕಾಫಿಯ ಗಸಿ, ಅಂಗಳದ ತರಗು, ಇವೆಲ್ಲವೂ ಬೆಳಗಾದೊಡನೆ ಬಾಗಿಲಾಚೆಗೆ ಹೋಗುತ್ತವೆ. ಕಣ್ಣಿಗೆ ಮರೆಯಾದುದು ಲೋಕಕ್ಕೇ ಮರೆಯಾಯಿತೆಂದು ನಾವು ನೆಮ್ಮದಿಯಿಂದಿರುತ್ತೇವೆ. ಆದರೆ ಅದು ಹೋಗಿ ಬೀಳುವ ಸ್ಥಳವೊಂದು ಇದ್ದೇ ಇರಬೇಕಷ್ಟೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರದ ಗ್ರಾಮಸ್ಥರು ತಮ್ಮ ನೀರೂ ಗಾಳಿಯೂ ಕೆಟ್ಟುವೆಂದು ಮೊರೆಯಿಟ್ಟರು. 2012ರಲ್ಲಿ ಅಲ್ಲಿಗೆ ಕಸದ ಗಾಡಿಗಳು ಹೋಗುವುದು ನಿಂತಿತು. ಆಗ ನಗರದ ಬೀದಿಗಳಲ್ಲಿ ಕಸವು ರಾಶಿಬಿದ್ದುದನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. 2014ರಲ್ಲಿ ಮಂಡೂರಿನವರೂ ಅದೇ ಮೊರೆಯನ್ನಿಟ್ಟರು. ನಮ್ಮ ಮನೆಗಳ ಕಸದಲ್ಲಿ ಹೆಚ್ಚಿನ ಪಾಲು ಕೊಳೆಯತಕ್ಕ ವಸ್ತುವೇ. ಅದನ್ನು ಹಿತ್ತಿಲಿನಲ್ಲಿಯೇ ನಿಲ್ಲಿಸಿಕೊಂಡವನು ತನ್ನ ಗಿಡಗಳನ್ನು ಪೋಷಿಸುವುದಲ್ಲದೆ ಪರರ ಊರಿನ ಬಾವಿಯನ್ನೂ ಕಾಪಾಡಿದಂತಾಗುವುದು.

“ಇದೆಲ್ಲವೂ ಸರಿಯೆ, ದಿನವೂ ಗೊಬ್ಬರವನ್ನು ಕೆದಕುತ್ತ ಕೂಡಲು ಪುರುಸೊತ್ತೆಲ್ಲಿ?” ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ: ಕೆದಕಬೇಕಾಗಿಯೇ ಇಲ್ಲ. ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಎಂಬವರು 1931ರಲ್ಲಿ ಪ್ರಕಟಿಸಿದ ಇಂದೋರಿನ ಕ್ರಮದಲ್ಲಿ ರಾಶಿಯನ್ನು ಹಲವು ಸಲ ತಿರುವಿಹಾಕಬೇಕು. ಗೊಬ್ಬರವು ಸುಮಾರು 3 ತಿಂಗಳಲ್ಲಿ ಸಿದ್ಧವಾಗುವುದು. ಆ ದಶಕದ ಕೊನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯರೆಂಬ ವಿಜ್ಞಾನಿಗಳು ಮತ್ತೊಂದು ಕ್ರಮವನ್ನು ರೂಪಿಸಿದರು. ಅದರಲ್ಲಿ ಗುಂಡಿಯನ್ನು ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದೇ ಕೆಲಸ. ತಿರುವುವ ಶ್ರಮವಿಲ್ಲ, ಆರರಿಂದ ಎಂಟು ತಿಂಗಳ ಕಾಲ ಬೇಕು. ಒಂದರಲ್ಲಿ ತೋಳಿನ ಬಲವು ಮಾಡುವುದನ್ನು ಮತ್ತೊಂದರಲ್ಲಿ ಕಾಲವೇ ಮಾಡುತ್ತದೆ. ನೂರಾರು ಬಂಡಿ ಗೊಬ್ಬರ ಬೇಕಾದವನಿಗೆ ತಿಂಗಳುಗಳ ಬೆಲೆ ದೊಡ್ಡದು; ನಾಲ್ಕು ದಾಸವಾಳ, ಎರಡು ಕರಿಬೇವು, ಒಂದು ಚಪ್ಪರದ ಅವರೆಗೆ ಕಾಯಲೇನು ಕಷ್ಟ?

ಗೊಬ್ಬರಕ್ಕೆ ಕಾಲಕೊಡುವುದು ಹೊಸತೂ ಅಲ್ಲ. ‘ಕೃಷಿಪರಾಶರ’ವೆಂಬ ಸಂಸ್ಕೃತ ಗ್ರಂಥವು ಮಾಘಮಾಸದಲ್ಲಿ ಗೊಬ್ಬರದ ರಾಶಿಯನ್ನು ಪೂಜಿಸಿ ಎತ್ತಬೇಕೆಂದೂ, ಬಿಸಿಲಿನಲ್ಲಿ ಒಣಗಿಸಿ ಪುಡಿಮಾಡಿ ಫಾಲ್ಗುಣದಲ್ಲಿ ಹೊಲದ ಗುಂಡಿಗಳಲ್ಲಿಟ್ಟು ಬಿತ್ತನೆಯವರೆಗೆ ಕಾಯಬೇಕೆಂದೂ ವಿಧಿಸುತ್ತದೆ. ದೀಪಾವಳಿಯಲ್ಲಿ ತಿಪ್ಪೆಯನ್ನು ಪೂಜಿಸುವ ನಮ್ಮ ಒಕ್ಕಲುಮಕ್ಕಳಿಗೆ ಈ ಮರ್ಯಾದೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಇನ್ನು ವಿಧಾನವನ್ನು ಹೇಳುವೆವು. ನೀರು ನಿಲ್ಲದ, ಅರೆನೆರಳಿನ ಸ್ಥಳದಲ್ಲಿ 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಎರಡು ಗುಂಡಿಗಳನ್ನು ತೋಡಿಸುವುದು. ತಳಕ್ಕೆ ಸಣ್ಣ ಕಡ್ಡಿಗಳನ್ನು ಹರಡುವುದು. ದಿನವೂ ಒಂದು ಪಾಲು ಅಡಿಗೆಮನೆಯ ಹಸಿಕಸವನ್ನು ಸುರಿದು, ಅದರ ಮೇಲೆ ಎರಡು ಮೂರು ಪಾಲು ಒಣತರಗನ್ನು ಮುಚ್ಚಿ, ಒಂದು ಹಿಡಿ ಮಣ್ಣನ್ನು ಎರಚುವುದು. ಮೊದಲ ಗುಂಡಿ ತುಂಬಿದ ಕೂಡಲೆ ಮಣ್ಣಿನಿಂದ ಮುಚ್ಚಿ ಎರಡನೆಯದಕ್ಕೆ ಹೋಗುವುದು. ಎರಡನೆಯದು ತುಂಬುವ ವೇಳೆಗೆ ಮೊದಲನೆಯದು ಬಹುಮಟ್ಟಿಗೆ ಕಳಿತಿರುವುದು. ಮಲೆನಾಡಿನವರೂ ಕರಾವಳಿಯವರೂ ಗುಂಡಿಗೆ ಬದಲಾಗಿ ನೆಲದ ಮೇಲೆಯೇ ರಾಶಿಮಾಡಿ ಸೋಗೆಯನ್ನು ಹೊದಿಸುವುದು ಉಚಿತ. ಇಲ್ಲವಾದರೆ ಮಳೆಯ ನೀರು ಸಾರವನ್ನೆಲ್ಲ ಕೊಚ್ಚಿಕೊಂಡು ಹೋದೀತು.

ತರಗೇಕೆ ಅಷ್ಟು ಬೇಕೆಂದರೆ, ಕಸವನ್ನು ಕಳಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಹಿತವಾದ ಆಹಾರ. ಹಸಿಕಸದಲ್ಲಿ ಸಾರಜನಕವೂ ಒಣಎಲೆಯಲ್ಲಿ ಇಂಗಾಲವೂ ಅಧಿಕ. ತರಗು ತೇವವನ್ನು ಹೀರಿ, ನಡುನಡುವೆ ಗಾಳಿಗೆ ಎಡೆಯನ್ನೂ ಕೊಡುತ್ತದೆ. ಆದುದರಿಂದ ಮರಗಳು ಎಲೆಯುದುರಿಸುವ ಮಾಘ-ಫಾಲ್ಗುಣಗಳಲ್ಲಿ ತರಗನ್ನು ಸುಡದೆ ಗೋಣಿಚೀಲಗಳಲ್ಲಿ ತುಂಬಿಟ್ಟುಕೊಳ್ಳತಕ್ಕದ್ದು. ಸುಟ್ಟರೆ ಸಾರಜನಕವು ಹೊಗೆಯಾಗಿ ಹೋಗುವುದು, ನೆರೆಮನೆಯವರ ಕಣ್ಣೂ ಉರಿಯುವುದು.

ದುರ್ವಾಸನೆ ಬಂದರೆ ತೇವ ಹೆಚ್ಚಿ ಗಾಳಿ ಕಡಿಮೆಯಾಯಿತೆಂದು ತಿಳಿದು ತರಗನ್ನು ಸೇರಿಸುವುದು. ಒಣಗಿ ಕೆಲಸ ನಿಂತರೆ ನೀರು ಚಿಮುಕಿಸುವುದು. ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು. ಬೂದುಬಣ್ಣದ ದಪ್ಪಹುಳುಗಳು ಕಂಡರೆ ಗೃಹಿಣಿಯರು ಅಂಜಬೇಕಾಗಿಲ್ಲ. ಅವು ಒಂದು ಜಾತಿಯ ಕಪ್ಪುನೊಣದ ಮರಿಗಳು, ಕಸವನ್ನು ತಿಂದು ಮುಗಿಸುವ ಉಪಕಾರಿಗಳು. ಮಾಂಸ, ಎಲುಬು, ಎಣ್ಣೆಯ ತಿಂಡಿ, ಹಾಲುಮೊಸರುಗಳನ್ನು ಹಾಕಕೂಡದು; ಇಲಿಹೆಗ್ಗಣಗಳಿಗೆ ಅದು ಆಮಂತ್ರಣ. ಇಂಥ ತಣ್ಣನೆಯ ಗುಂಡಿಯಲ್ಲಿ ಬೀಜವಾಗಲಿ ರೋಗಾಣುವಾಗಲಿ ಸಾಯುವಷ್ಟು ಕಾವು ಹುಟ್ಟದು. ಆದಕಾರಣ ಬೀಜಕಟ್ಟಿದ ಕಳೆ, ರೋಗ ತಗುಲಿದ ಗಿಡ, ನಾಯಿಬೆಕ್ಕುಗಳ ಮಲ, ಇವುಗಳೂ ವರ್ಜ್ಯ. ಶ್ರಮವನ್ನು ಉಳಿಸುವ ಕ್ರಮಕ್ಕೆ ನಾವು ಕೊಡುವ ಬೆಲೆ ಇಷ್ಟೆ.

ಗೊಬ್ಬರವು ಕಪ್ಪಗೆ, ಉದುರುದುರಾಗಿ, ಮೊದಲ ಮಳೆಗೆ ನೆನೆದ ನೆಲದಂತೆ ಗಂಧಿಸಿದರೆ ಕಳಿಯಿತೆಂದು ಅರ್ಥ. ಸಂದೇಹವಿದ್ದರೆ ಅದರಲ್ಲಿ ಹತ್ತು ಮೆಂತ್ಯದ ಕಾಳುಗಳನ್ನು ಬಿತ್ತಿ ನೋಡಬಹುದು. ಚೆನ್ನಾಗಿ ಮೊಳೆತರೆ ಸಿದ್ಧ, ಇಲ್ಲವಾದರೆ ಮತ್ತೊಂದು ತಿಂಗಳು ಮುಚ್ಚಿಡುವುದು. ಕುಂಡಗಳಿಗೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರಸಬೇಕು; ನೆಲದ ಗಿಡಗಳಿಗೆ ಕಾಂಡಕ್ಕೆ ತಾಗದಂತೆ ಸುತ್ತಲೂ ಎರಡು ಬೆರಳು ದಪ್ಪ ಹರಡಬೇಕು.

ಕಸದಿಂದ ರಸವೆಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಅದನ್ನು ನಿಜಮಾಡಲು ಯಂತ್ರವೂ ಆಳೂ ಬೇಡ. ಒಂದು ಗುದ್ದಲಿ, ಒಂದು ಚೀಲ ತರಗು, ಅರ್ಧ ವರ್ಷದ ತಾಳ್ಮೆ ಇದ್ದರಾಯಿತು. ತಾಳಿದವನು ಬಾಳಿಯಾನು ಎಂಬ ಗಾದೆಯು ಹಿತ್ತಿಲಿಗೂ ಸಲ್ಲುತ್ತದೆ.