ಸಾಕ್ಷ್ಯಕ್ಕೆ ಬಗ್ಗದ ನಿಲುವು: ಹಲಸೂರಿನ ಹದಿನೆಂಟು ವರ್ಷ

ರಾಜಕೀಯ ನಂಬಿಕೆ ಎರಡು ಕೆಲಸ ಮಾಡುತ್ತದೆ. ಸುತ್ತಲಿನ ಲೋಕ ಹೇಗಿದೆ ಎಂದು ಅಂದಾಜು ಕೊಡುವುದು ಒಂದು. ನಂಬಿದವರು ಯಾರ ಪೈಕಿ ಎಂದು ಸಾರುವುದು ಇನ್ನೊಂದು. ಸಂಜೆ ಮಳೆ ಬರುತ್ತದೆ ಎಂದವರು ಬಾರದಿದ್ದರೆ ನಕ್ಕು ಸುಮ್ಮನಾಗುತ್ತಾರೆ, ಅದರಿಂದ ಅವರಿಗೆ ಯಾರ ಸ್ನೇಹವೂ ತಪ್ಪುವುದಿಲ್ಲ. ಪಕ್ಷ, ಜಾತಿ, ಭಾಷೆಗಳ ವಿಷಯದಲ್ಲಿ ಹಾಗಲ್ಲ. ಅಲ್ಲಿ ಮಾತು ಬದಲಿಸಿದವರು ತಮ್ಮವರ ನಡುವೆಯೇ ಪರಕೀಯರಾಗಬೇಕಾದೀತು. ಎದುರಿಗೆ ಸಾಕ್ಷ್ಯವಿದ್ದರೂ ಜನ ಹಳೆಯ ನಿಲುವಿಗೆ ಅಂಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ.

ಮನಸ್ಸಿನೊಳಗೆ ಇದು ನಡೆಯುವ ಬಗೆಯನ್ನು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದರು. ಪರಸ್ಪರ ಒಗ್ಗದ ಎರಡು ತಿಳಿವಳಿಕೆಗಳು ಒಟ್ಟಿಗೆ ಇದ್ದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅದನ್ನು ಕಳೆದುಕೊಳ್ಳಲು ನಂಬಿಕೆಯನ್ನು ಬಿಡಬಹುದು, ಇಲ್ಲವೇ ಸಾಕ್ಷ್ಯದಲ್ಲಿ ಹುಳುಕು ಹುಡುಕಬಹುದು. ಎರಡನೆಯದು ಸುಲಭ. 1979ರಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 48 ವಿದ್ಯಾರ್ಥಿಗಳಿಗೆ ಮರಣದಂಡನೆಯ ಕುರಿತ ಎರಡು ಅಧ್ಯಯನಗಳನ್ನು ಓದಲು ಕೊಟ್ಟರು. ಒಂದು ಮರಣದಂಡನೆಯ ಪರವಾಗಿತ್ತು, ಇನ್ನೊಂದು ವಿರುದ್ಧವಾಗಿತ್ತು. ವಿದ್ಯಾರ್ಥಿಗಳಲ್ಲಿ ಮರಣದಂಡನೆಯ ಪರ ಇದ್ದವರೂ ವಿರುದ್ಧ ಇದ್ದವರೂ ಓದಿದ್ದು ಅವೇ ಎರಡನ್ನು. ಆದರೂ ತಮಗೆ ಹಿಡಿಸಿದ್ದನ್ನು ಗಟ್ಟಿಯೆಂದರು, ಹಿಡಿಸದ್ದನ್ನು ಜರಡಿ ಹಿಡಿದರು. ಕೊನೆಗೆ ಎರಡೂ ಬಣದವರು ತಮ್ಮ ನಿಲುವಿನಲ್ಲಿ ಮೊದಲಿಗಿಂತ ಬಿಗಿಯಾದರು.

ಕೆರೆಯ ದಡದ ವಿವಾದ

ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಇಂಥ ಹಟಕ್ಕೆ ಕಣ್ಣೆದುರಿನ ಉದಾಹರಣೆಯಿದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಸ್ಥಾಪಿಸಿದಾಗ ಮದ್ರಾಸ್ ಸೇನೆಯ ಜೊತೆಗೆ ತಮಿಳು ಮಾತಾಡುವ ಸೈನಿಕರು, ವ್ಯಾಪಾರಿಗಳು, ಕೂಲಿಕಾರರು ಬಂದು ನೆಲೆಸಿದರು. ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರ ಇಂದಿಗೂ ಹಲಸೂರು ಕೆರೆಯ ಬಳಿಯೇ ಇದೆ. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಪೇಟೆ, ದಂಡುಗಳ ಪುರಸಭೆಗಳು ಒಂದಾದದ್ದು 1949ರಲ್ಲಿ. ಒಂದೇ ಊರು ಎರಡು ಆಡಳಿತದಲ್ಲಿ ಬೆಳೆದ ಈ ನೆನಪು ಮುಂದಿನ ಭಾಷಾ ರಾಜಕೀಯದ ತಳದಲ್ಲಿ ಉಳಿಯಿತು.

1991ರಲ್ಲಿ ಬೆಂಗಳೂರು ತಮಿಳು ಸಂಘ ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯನ್ನು ನಿಲ್ಲಿಸಿತು. ಕನ್ನಡಪರ ಸಂಘಟನೆಗಳು ವಿರೋಧಿಸಿದ್ದರಿಂದ ಅನಾವರಣ ನಿಂತುಹೋಯಿತು. ಅದೇ ವರ್ಷ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು, ಡಿಸೆಂಬರಿನಲ್ಲಿ ನಗರದಲ್ಲಿ ತಮಿಳರ ವಿರುದ್ಧ ಗಲಭೆಯಾಯಿತು. ಪ್ರತಿಮೆ ಹದಿನೆಂಟು ವರ್ಷ ಮುಸುಕಿನಲ್ಲೇ ಉಳಿಯಿತು.

ಪ್ರತಿಮೆ ನಗರದ ಮೇಲೆ ಹಕ್ಕು ಸ್ಥಾಪಿಸುವ ಮೊದಲ ಹೆಜ್ಜೆ ಎಂದು ಒಂದು ಕಡೆಯವರು ನಂಬಿದ್ದರು. ಕನ್ನಡಿಗರಿಗೆ ತಮಿಳೆಂದರೇ ಆಗದು ಎಂಬುದು ಇನ್ನೊಂದು ಕಡೆಯ ನಂಬಿಕೆ. ಎರಡಕ್ಕೂ ವಿರುದ್ಧವಾದ ಸಾಕ್ಷ್ಯ ಸಾಹಿತ್ಯದಲ್ಲೇ ಇತ್ತು. ಆರ್. ನರಸಿಂಹಾಚಾರ್ಯ, ಎಲ್. ಗುಂಡಪ್ಪ ಅವರಂಥ ವಿದ್ವಾಂಸರು ತಿರುವಳ್ಳುವರ್ ಅವರ ತಿರುಕ್ಕುರಳನ್ನು ಎಷ್ಟೋ ಮೊದಲೇ ಕನ್ನಡಕ್ಕೆ ತಂದಿದ್ದರು. ಈ ಸಂಗತಿ ಯಾವ ಬಣವನ್ನೂ ಅಲುಗಿಸಲಿಲ್ಲ. ಹಳೆಯ ಸಂಶಯಕ್ಕೆ ಒಗ್ಗುವ ಘಟನೆ ಮಾತ್ರ ಕೂಡಲೇ ಪುರಾವೆಯಾಯಿತು. 2000ದ ಜುಲೈನಲ್ಲಿ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್‌ನ ಬೇಡಿಕೆಗಳಲ್ಲಿ ಈ ಪ್ರತಿಮೆಯ ಅನಾವರಣವೂ ಇತ್ತು. ಕಾಡುಗಳ್ಳನೊಬ್ಬನ ಬೇಡಿಕೆಗೂ ಹಲಸೂರಿನ ತಮಿಳು ನಿವಾಸಿಗಳಿಗೂ ಇರುವ ಅಂತರ ಆ ಬಿಸಿಯಲ್ಲಿ ಮರೆಯಾಯಿತು.

ಓದಿದವರೂ ಹೊರತಲ್ಲ

ಇಂಥ ಹಟ ತಿಳಿಯದವರಿಗೆ ಮಾತ್ರ ಸೇರಿದ್ದು ಎಂಬ ಊಹೆ ನಿಲ್ಲುವುದಿಲ್ಲ. ಅಮೆರಿಕದ ಸಂಶೋಧಕ ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರ ಅಧ್ಯಯನದಲ್ಲಿ ಒಂದೇ ಅಂಕಿಗಳ ಕೋಷ್ಟಕವನ್ನು ಕೆಲವರಿಗೆ ಚರ್ಮದ ಮುಲಾಮಿನ ಪರೀಕ್ಷೆ ಎಂದು, ಇನ್ನು ಕೆಲವರಿಗೆ ಬಂದೂಕು ನಿಯಂತ್ರಣದ ಫಲಿತಾಂಶ ಎಂದು ಕೊಟ್ಟರು. ಮುಲಾಮಿನ ಲೆಕ್ಕವನ್ನು ಗಣಿತ ಬಲ್ಲವರು ಸರಿಯಾಗಿ ಬಿಡಿಸಿದರು. ಬಂದೂಕಿನ ಲೆಕ್ಕದಲ್ಲಿ ಅವರೇ ಪಕ್ಷದ ಗೆರೆಗುಂಟ ಹೆಚ್ಚು ಒಡೆದರು. ಜಾಣತನ ನಿಲುವನ್ನು ಪರೀಕ್ಷಿಸುವ ಬದಲು ಅದರ ಪರ ವಕಾಲತ್ತು ವಹಿಸಿತ್ತು.

2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ ಮನೆಮನೆಗೆ ಹೋಗಿ ಸುಳ್ಳುಸುದ್ದಿ ಗುರುತಿಸುವ ತರಬೇತಿ ಕೊಡಿಸಿ ಫಲ ಪರೀಕ್ಷಿಸಿದರು. ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ತರಬೇತಿ ಪಡೆದ ಬಿಜೆಪಿ ಬೆಂಬಲಿಗರು ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳುಗಳನ್ನು ಗುರುತಿಸುವಲ್ಲಿ ಇನ್ನಷ್ಟು ಹಿಂದೆ ಬಿದ್ದರು. ಅಮೆರಿಕದ ಅಧ್ಯಯನಗಳು ಬೇರೆ ಬೇರೆ ಪಕ್ಷಗಳ ಬೆಂಬಲಿಗರಲ್ಲಿ ಇದೇ ಒಲವನ್ನು ಕಂಡಿವೆ. ಇದು ಯಾವುದೇ ಒಂದು ಪಕ್ಷದ ಸ್ವತ್ತಲ್ಲ.

ಹಾಗೆಂದು ಸತ್ಯ ಹೇಳುವುದೇ ವ್ಯರ್ಥ ಎನ್ನುವಂತಿಲ್ಲ. ತಿದ್ದಿದಷ್ಟೂ ಜನ ಹಟ ಹಿಡಿಯುತ್ತಾರೆ ಎಂಬ ಮಾತು 2010ರ ಸುಮಾರಿಗೆ ಪ್ರಚಾರಕ್ಕೆ ಬಂದಿತ್ತು. ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 2019ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ, ಹಾಗಾಗುವುದು ತೀರ ಅಪರೂಪವೆಂದು ತೋರಿಸಿತು. ತಿದ್ದಿದ ಸಂಗತಿಯನ್ನು ಜನ ಬಹುಮಟ್ಟಿಗೆ ಒಪ್ಪುತ್ತಾರೆ. ಆದರೆ ನಾಯಕನ ಮೇಲಿನ ಒಲವು ಅಷ್ಟಕ್ಕೇ ಬದಲಾಗುವುದಿಲ್ಲ ಎಂಬುದನ್ನು ಟ್ರಂಪ್ ಬೆಂಬಲಿಗರ ಅಧ್ಯಯನಗಳು ತೋರಿಸಿವೆ.

ಗಂಟು ಬಿಚ್ಚಿದ್ದು

ಹಲಸೂರಿನ ಗಂಟು ಬಿಚ್ಚಿದ್ದು ಹೊಸ ಸಾಕ್ಷ್ಯದಿಂದಲ್ಲ. 2009ರ ಆಗಸ್ಟ್ 9ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಸಮ್ಮುಖದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣಗೊಳಿಸಿದರು. ಆಗಸ್ಟ್ 13ರಂದು ಚೆನ್ನೈನ ಅಯನಾವರಂನಲ್ಲಿ ಕನ್ನಡದ ಕವಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಈ ಕೊಡುಕೊಳ್ಳುವಿಕೆಯಿಂದ ಎರಡೂ ಕಡೆಯವರು ಸೋತೆವೆಂದು ಹೇಳದೆ ಹಿಂದೆ ಸರಿಯಲು ದಾರಿಯಾಯಿತು.

ಆದರೆ ಒಂದು ಪ್ರತಿಮೆಯ ಜಗಳ ತೀರಿದರೆ ಅದರ ಹಿಂದಿನ ಸಂಶಯ ತೀರುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಕಾವೇರಿ ಆದೇಶದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಸುಟ್ಟವು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ನೀರಿನಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಹಾಕಿದ್ದ ಲೆಕ್ಕವನ್ನು ಕೋರ್ಟ್ ಬದಿಗಿಟ್ಟಿತ್ತು. ಕಾವೇರಿ ಕೊಳ್ಳದ ಹೊರಗೆ, ದಕ್ಷಿಣ ಪಿನಾಕಿನಿಯತ್ತ ಇಳಿಜಾರಾಗಿರುವ ಇಂದಿರಾನಗರ, ಕೆ.ಆರ್. ಪುರಂಗಳಂಥ ಪೂರ್ವದ ಬಡಾವಣೆಗಳ ಮಟ್ಟಿಗೆ ಇದು ನೇರ ಲಾಭ. ನ್ಯಾಯಾಲಯಗಳಿಂದ ಕರ್ನಾಟಕಕ್ಕೆ ಸದಾ ಅನ್ಯಾಯ ಎಂದು ನಂಬಿದವರು ಇದನ್ನು ಅಪವಾದವೆಂದು ಬದಿಗಿಡಬಲ್ಲರು, ಇಲ್ಲವೇ ಸಿಗಬೇಕಾದ್ದರಲ್ಲಿ ಅಲ್ಪವೆನ್ನಬಲ್ಲರು. ಸಾಕ್ಷ್ಯ ಎಷ್ಟೇ ಬಲವಾಗಿದ್ದರೂ ಇಂಥ ವಿವರಣೆಗೆ ಜಾಗ ಇದ್ದೇ ಇರುತ್ತದೆ. ಆ ಜಾಗ ಕಿರಿದಾಗುವುದು, ತಮ್ಮವರೆಂದು ಜನ ಒಪ್ಪಿದವರೇ ಆ ಸಾಕ್ಷ್ಯವನ್ನು ಹೇಳಿದಾಗ ಮತ್ತು ಅದನ್ನು ಒಪ್ಪಿದವರು ತಮ್ಮ ಬಳಗದಲ್ಲೇ ಮಾನದಿಂದ ಉಳಿಯುವಂತಿದ್ದಾಗ.