ಕತ್ತರಿ ಹಾಕಲು ಅಂಜಬೇಡಿ: ಮನೆಯಂಗಳದ ಗುಲಾಬಿ, ಮಲ್ಲಿಗೆಯ ಆರೈಕೆ



ಲಕ್ಷ್ಮೀಪುರಂ ಭಾಗದ ಸಂಘವೊಂದರ ವಾರದ ಸಭೆಗೆ ನಾವು ಹೋಗಿದ್ದಾಗ, ಸದಸ್ಯೆಯೊಬ್ಬರು ತಮ್ಮ ಗುಲಾಬಿ ಗಿಡವನ್ನು ಕಿತ್ತು ಹಾಕುವುದಾಗಿ ಹೇಳಿದರು. ಗಿಡ ಆಳೆತ್ತರ ಬೆಳೆದಿದೆ, ಎರಡು ವರ್ಷದಿಂದ ಒಂದು ಹೂವಿಲ್ಲ. ಅವರ ಯಜಮಾನರು ತೀರಿಕೊಂಡೂ ಎರಡು ವರ್ಷ. "ಸಿಸ್ಟರ್, ಹೂ ಮುಡಿಯೋ ಭಾಗ್ಯ ಇಲ್ಲದವಳ ಮನೇಲಿ ಗಿಡಾನೂ ಹೂ ಬಿಡಲ್ಲ ಅಂತಾರೆ" ಎಂದು ಕಣ್ಣೊರೆಸಿಕೊಂಡರು.

ಸಭೆ ಮುಗಿದ ಮೇಲೆ ಎಲ್ಲರೂ ಹೋಗಿ ಆ ಗಿಡ ನೋಡಿದೆವು. ಬುಡದ ಮಣ್ಣು ಬಿಡಿಸಿದಾಗ ಕಾರಣ ತಿಳಿಯಿತು. ನರ್ಸರಿಯಿಂದ ತರುವ ಗುಲಾಬಿ ಹೆಚ್ಚಾಗಿ ಕಸಿ ಗಿಡ. ಕೆಳಗೆ ಒರಟು ಜಾತಿಯ ಬೇರು, ಮೇಲೆ ಒಳ್ಳೆ ಹೂವಿನ ಜಾತಿ. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಒರಟು ಜಾತಿಯದೇ. ಅದು ಸೊಂಪಾಗಿ ಬೆಳೆದು, ಸಾರವನ್ನೆಲ್ಲ ತಾನೇ ಹೀರಿ, ಮೇಲಿನ ಗಿಡವನ್ನು ಸೊರಗಿಸುತ್ತದೆ. ಇಲ್ಲಿ ಆಗಿದ್ದೂ ಅದೇ. ಆ ಕಡ್ಡಿಗಳನ್ನು ಬುಡಸಮೇತ ತೆಗೆದೆವು. ಕಸಿ ಮಾಡಿದ ಕೊಂಬೆಯಲ್ಲಿ ಇನ್ನೂ ಜೀವವಿತ್ತು.

ಇದನ್ನು ನೋಡಿದ ಮೇಲೆ ಉಳಿದವರೂ ತಮ್ಮ ಗಿಡಗಳ ಬಗ್ಗೆ ಕೇಳತೊಡಗಿದರು. ಅಲ್ಲಿ ಹೇಳಿದ್ದನ್ನೇ ಎಲ್ಲ ಸಂಘಗಳಿಗಾಗಿ ಬರೆಯುತ್ತಿದ್ದೇವೆ.

1. ಗುಲಾಬಿ ಸವರುವುದು

ನಮ್ಮ ಕಡೆ ದಸರಾ ಕಳೆದು ಮಳೆ ಬಿಟ್ಟ ಮೇಲೆ ಸವರುವುದು ಒಳ್ಳೆಯದು. ಸವರಿದ 40ರಿಂದ 45 ದಿನಕ್ಕೆ ಹೂ ಬರುತ್ತದೆ. ಕ್ರಿಸ್ಮಸ್ಸಿಗೆ ಹೂ ಬೇಕಾದರೆ ನವೆಂಬರ್ ಎರಡನೇ ವಾರದೊಳಗೆ ಸವರಿ.

ಮೊದಲು ಒಣಗಿದ, ರೋಗ ಬಂದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳನ್ನು ಸುಮಾರು ಅರ್ಧಕ್ಕೆ ಕತ್ತರಿಸಿ. ಹೊರಮುಖವಾಗಿರುವ ಕಣ್ಣಿನಿಂದ ಕಾಲು ಅಂಗುಲ ಮೇಲೆ, ಓರೆಯಾಗಿ ಕತ್ತರಿಸಬೇಕು. ಆಗ ಹೊಸ ಚಿಗುರು ಹೊರಕ್ಕೆ ಹರಡುತ್ತದೆ, ಗಿಡದೊಳಗೆ ಗಾಳಿ ಬೆಳಕು ಆಡುತ್ತದೆ. ಕತ್ತರಿ ಹರಿತವಾಗಿರಲಿ, ಕಡ್ಡಿ ಜಜ್ಜಬಾರದು.

2. ಹಂಬು ಗುಲಾಬಿ

ಕಾಂಪೌಂಡಿಗೆ ಹಬ್ಬಿಸುವ ಗುಲಾಬಿಯನ್ನು ಹೀಗೆ ಅರ್ಧಕ್ಕೆ ಸವರಬೇಡಿ. ಉದ್ದ ಕೊಂಬೆಗಳನ್ನು ಮೆಲ್ಲಗೆ ಬಾಗಿಸಿ, ಅಡ್ಡಡ್ಡಲಾಗಿ ಕಟ್ಟಿ. ನೆಟ್ಟಗೆ ನಿಂತ ಕೊಂಬೆ ತುದಿಯಲ್ಲಷ್ಟೇ ಹೂ ಬಿಡುತ್ತದೆ. ಮಲಗಿಸಿ ಕಟ್ಟಿದರೆ ಉದ್ದಕ್ಕೂ ಚಿಗುರಿ ಹೂ ಬಿಡುತ್ತದೆ. ಕಟ್ಟಲು ತಂತಿ ಬೇಡ, ಹಳೆ ಸೀರೆಯ ಪಟ್ಟಿ ಸಾಕು. ಸ್ವಲ್ಪ ಸಡಿಲವಾಗಿರಲಿ.

3. ಮಲ್ಲಿಗೆ

ನಮ್ಮ ಮೈಸೂರು ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಹೂವು. ಆದರೂ ಅನೇಕ ಮನೆಗಳಲ್ಲಿ ಅದು ಬರೀ ಎಲೆಯ ಪೊದೆಯಾಗಿದೆ. ನವೆಂಬರ್ ಕೊನೆಯಲ್ಲಿ ಕೆಲವು ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ. ಹೊಸ ಚಿಗುರಿನಲ್ಲೇ ಮೊಗ್ಗು ಬರುವುದರಿಂದ ಸವರದಿದ್ದರೆ ಹೂ ಕಡಿಮೆ. ಮಾರ್ಚ್ ಹೊತ್ತಿಗೆ ಮೊಗ್ಗು ಶುರುವಾಗುತ್ತದೆ. ಗುಲಾಬಿಯಂತೆ ಇದಕ್ಕೂ ಚೆನ್ನಾಗಿ ಬಿಸಿಲು ಬೇಕು.

4. ಗೊಬ್ಬರ

ಸವರಿದ ಮೇಲೆ ಬುಡದ ಮಣ್ಣು ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮೂರು ಬೊಗಸೆ, ಬೇವಿನ ಹಿಂಡಿ ಒಂದು ಹಿಡಿ ಕೊಡಿ. ಕಾಂಡಕ್ಕೆ ತಾಗಿಸದೆ ಅರ್ಧ ಅಡಿ ದೂರ ಹಾಕಿ ಮಣ್ಣು ಮುಚ್ಚಿ, ನೀರು ಹಾಕಿ. ಚಿಗುರು ಬಂದ ಮೇಲೆ, ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಆ ತಿಳಿಗೆ ಹತ್ತು ಪಾಲು ನೀರು ಬೆರೆಸಿ, 15 ದಿನಕ್ಕೊಮ್ಮೆ ಕೊಡಬಹುದು. ಒಣಗಿದ ಮಣ್ಣಿಗೆ ಗೊಬ್ಬರ ಹಾಕಬೇಡಿ. ಟೀ ಚರಟ ಹಾಕುವವರು ಹಾಲು, ಸಕ್ಕರೆ ಹೋಗುವಂತೆ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಜಾಸ್ತಿ ಗೊಬ್ಬರ ಹಾಕಿದರೆ ಜಾಸ್ತಿ ಹೂ ಬರುವುದಿಲ್ಲ, ಬೇರು ಸುಡುತ್ತದೆ.

ಯೇಸುಸ್ವಾಮಿ ದ್ರಾಕ್ಷಿ ಬಳ್ಳಿಯ ಮಾತು ಹೇಳುವಾಗ, ಫಲ ಕೊಡುವ ಕೊಂಬೆಯನ್ನೇ ತೋಟಗಾರ ಸವರುತ್ತಾನೆ ಎನ್ನುತ್ತಾರೆ. ಸವರುವುದು ಶಿಕ್ಷೆಯಲ್ಲ, ಆರೈಕೆ.

ಆ ಸಹೋದರಿಯ ಗುಲಾಬಿ ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಮೂರು ಹೂ ಬಿಟ್ಟಿತು. ಒಂದನ್ನು ಯಜಮಾನರ ಫೋಟೋಕ್ಕೆ ಇಟ್ಟು, ಒಂದನ್ನು ಸಭೆಗೆ ತಂದರು. ಇನ್ನೊಂದನ್ನು ಏನು ಮಾಡಿದಿರಿ ಎಂದು ಕೇಳಿದೆವು. ತಲೆ ತಿರುಗಿಸಿ ತೋರಿಸಿದರು, ಮುಡಿಯಲ್ಲಿತ್ತು.

ಸಹೋದರಿಯರೇ, ಗಿಡ ಹೂ ಬಿಡದಿದ್ದರೆ ಬುಡ ನೋಡಿ, ಬಿಸಿಲು ನೋಡಿ, ಗೊಬ್ಬರ ನೋಡಿ. ಮನೆಯ ಹೆಣ್ಣುಮಗಳ ಹಣೆಬರಹ ನೋಡಬೇಡಿ. ಮುಂದಿನ ಸಭೆಯಲ್ಲಿ ಈ ಮಾತನ್ನು ಗಟ್ಟಿಯಾಗಿ ಓದಿ, ಚರ್ಚಿಸಿ.