ಮಾರಿದ ಕಾರಿನ ಋಣ

1998ರಲ್ಲಿ ಜರ್ಮನಿಯ ಆಡಿ ಕಂಪೆನಿ ‘ಟಿಟಿ’ ಎಂಬ ಸ್ಪೋರ್ಟ್ಸ್ ಕಾರನ್ನು ಮಾರುಕಟ್ಟೆಗೆ ತಂದಾಗ ಅದರ ದುಂಡಾದ ರೂಪಕ್ಕೆ ಮಾರುಹೋಗದವರು ಕಡಿಮೆ. ಆದರೆ ಬಹುಪಾಲು ವೇಗಮಿತಿಯೇ ಇಲ್ಲದ ಜರ್ಮನಿಯ ಆಟೋಬಾನ್‌ಗಳಲ್ಲಿ ಆ ರೂಪಕ್ಕೆ ಬೇರೊಂದು ಮುಖವೂ ಇದೆಯೆಂಬುದು ಬೇಗನೆ ತಿಳಿಯಿತು. ಅತಿವೇಗದಲ್ಲಿ ಥಟ್ಟನೆ ಪಥ ಬದಲಿಸಿದಾಗ ಕಾರಿನ ಹಿಂಭಾಗ ಹಿಡಿತ ಕಳೆದುಕೊಳ್ಳುತ್ತಿತ್ತು. ಅಪಘಾತಗಳಾದವು, ಪ್ರಾಣಗಳೂ ಹೋದವು. ಕೊನೆಗೆ ಕಂಪೆನಿ ಸಸ್ಪೆನ್ಶನ್ ಬದಲಿಸಿತು, ಹಿಂಬದಿ ಗಾಳಿಗೆ ಮೇಲೇಳದಂತೆ ತಡೆಯುವ ಪುಟ್ಟ ಸ್ಪಾಯ್ಲರ್ ಕೂರಿಸಿತು, ಜಾರುವ ಕಾರನ್ನು ಬ್ರೇಕ್‌ಗಳ ಮೂಲಕ ತಹಬಂದಿಗೆ ತರುವ ‘ಇಎಸ್‌ಪಿ’ ವ್ಯವಸ್ಥೆಯನ್ನು ಅಳವಡಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಸುಧಾರಣೆ ಹೊಸ ಕಾರುಗಳಿಗೇ ಸೀಮಿತವಾಗಲಿಲ್ಲ. ಅದಾಗಲೇ ಮಾರಾಟವಾಗಿದ್ದ ಕಾರುಗಳನ್ನೂ ಮಾರ್ಪಾಟಿಗಾಗಿ ಹಿಂದಕ್ಕೆ ಕರೆಸಲಾಯಿತು.

ಕಾರು ಮಾರಾಟವಾದ ಮೇಲೆ ತಯಾರಕನ ಋಣ ತೀರಿತೇ? ನಾಲ್ಕು ವರ್ಷಗಳ ನಂತರ ತಾನೇ ಕಂಡುಕೊಂಡ ಉತ್ತಮ ಪರಿಹಾರವನ್ನು ಮೊದಲು ಕೊಂಡ ಗ್ರಾಹಕನಿಗೂ ತಲುಪಿಸುವುದು ಅವನ ಕರ್ತವ್ಯವೇ, ಔದಾರ್ಯವೇ? ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೀಕ್ಷ್ಣತೆಯಿದೆ. ಅವು ಇತರ ಕಾರುಗಳಂತೆ ಬೇಗನೆ ಗುಜರಿ ಸೇರುವುದಿಲ್ಲ. ಕೈಯಿಂದ ಕೈಗೆ ದಾಟುತ್ತಾ ದಶಕಗಳ ಕಾಲ ಓಡುತ್ತವೆ.

ಪೋರ್ಶೆ ಕಂಪೆನಿಯ ಪ್ರಸಂಗ ಈ ಪ್ರಶ್ನೆಯ ಜಟಿಲತೆಯನ್ನು ತೆರೆದಿಡುತ್ತದೆ. 1996ರ ಬಾಕ್ಸ್‌ಸ್ಟರ್ ಮತ್ತು ಅದರ ಬೆನ್ನಿಗೇ ಬಂದ 911 ಕಾರುಗಳಲ್ಲಿ ನೀರಿನಿಂದ ತಂಪಾಗುವ ಹೊಸ ಎಂಜಿನ್ ಇತ್ತು. ಅದರೊಳಗಿನ ಮಧ್ಯಂತರ ಶಾಫ್ಟ್‌ನ ಒಂದು ತುದಿಯನ್ನು ಸಣ್ಣದೊಂದು ಬಾಲ್ ಬೇರಿಂಗ್ ಹೊತ್ತಿತ್ತು. ಬೇರಿಂಗ್‌ನ ಸೀಲ್ ಸವೆದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬೇರಿಂಗ್ ಪುಡಿಯಾದರೆ ಕವಾಟಗಳ ಲಯ ತಪ್ಪಿ ಅವು ಪಿಸ್ಟನ್‌ಗೆ ಬಡಿಯುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಬಿಡಿಭಾಗವೊಂದು ಇಡೀ ಎಂಜಿನನ್ನೇ ಬಲಿ ತೆಗೆದುಕೊಳ್ಳುತ್ತದೆ. ಎಲ್ಲ ಕಾರುಗಳಿಗೂ ಹೀಗಾಗಲಿಲ್ಲ ಎಂಬುದು ನಿಜ. ಆದರೆ ಆದವರ ಪಾಲಿಗೆ ಅದು ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗುವ ನಷ್ಟ.

ಕಂಪೆನಿ ಕೈಕಟ್ಟಿ ಕುಳಿತಿರಲಿಲ್ಲ. ಮುಂದಿನ ಎಂಜಿನ್‌ಗಳಲ್ಲಿ ದೊಡ್ಡ ಬೇರಿಂಗ್ ಬಂತು. 2009ರ ಮಾದರಿಯ ಹೊಸ ಎಂಜಿನ್ ವಿನ್ಯಾಸದಲ್ಲಿ ಆ ಶಾಫ್ಟನ್ನೇ ಕೈಬಿಡಲಾಯಿತು. ಹಳೆಯ ಕಾರಿನವರಿಗೆ ಮಾತ್ರ ಈ ಸುಧಾರಣೆಗಳಿಂದ ಪ್ರಯೋಜನವಾಗಲಿಲ್ಲ. ಅಮೆರಿಕದಲ್ಲಿ ಮಾಲೀಕರು ಸಾಮೂಹಿಕ ಮೊಕದ್ದಮೆ ಹೂಡಿದರು. 2001ರಿಂದ 2005ರ ನಡುವೆ ತಯಾರಾದ ಕಾರುಗಳ ಬಗ್ಗೆ 2013ರಲ್ಲಿ ರಾಜಿಯಾಯಿತು. ತಪ್ಪೊಪ್ಪಿಗೆಯಿಲ್ಲದೆ, ವಯಸ್ಸಿನ ಮತ್ತು ಓಡಿದ ದೂರದ ಮಿತಿಗಳೊಳಗೆ ಪರಿಹಾರ ನೀಡಲು ಕಂಪೆನಿ ಒಪ್ಪಿತು. ಈ ನಡುವೆ, ಹಳೆಯ ಎಂಜಿನ್‌ಗೆ ಹೊಂದುವ ಗಟ್ಟಿ ಬೇರಿಂಗ್‌ಗಳನ್ನು ತಯಾರಿಸಿ ಮಾರಿದವರು ಹೊರಗಿನ ಸ್ವತಂತ್ರ ತಂತ್ರಜ್ಞರು.

ತಯಾರಕರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಯಂತ್ರವೆಂಬುದು ಬಿಡಿಭಾಗಗಳ ಗುಡ್ಡೆಯಲ್ಲ. ಒಂದನ್ನು ಬದಲಿಸಿದರೆ ಅದಕ್ಕೆ ಹೊಂದಿಕೊಂಡ ಇನ್ನೊಂದನ್ನೂ ಬದಲಿಸಬೇಕಾಗುತ್ತದೆ. ಪೋರ್ಶೆಯ ದೊಡ್ಡ ಬೇರಿಂಗನ್ನೇ ನೋಡಿ: ಎಂಜಿನ್‌ನ ಹೊರಕವಚವನ್ನು ಎರಡಾಗಿ ಬಿಚ್ಚದೆ ಅದನ್ನು ಹೊರತೆಗೆಯುವುದೂ ಸಾಧ್ಯವಿಲ್ಲ. ಅಂಥದ್ದನ್ನು ಸಾವಿರಾರು ಹಳೆಯ ಕಾರುಗಳಿಗೆ ಉಚಿತವಾಗಿ ಜೋಡಿಸಿಕೊಡಿ ಎಂದರೆ ಹೊಸ ಎಂಜಿನನ್ನೇ ಕೊಡಿ ಎಂದಂತೆ. ಆ ಹೊರೆ ಕೊನೆಗೆ ಬೀಳುವುದು ಮುಂದಿನ ಗ್ರಾಹಕನ ಮೇಲೆಯೇ. ಇನ್ನೊಂದು ಆತಂಕವೂ ಉಂಟು. ಪ್ರತಿ ಸುಧಾರಣೆಯನ್ನೂ ಹಿಂದಿನ ತಪ್ಪಿನ ಒಪ್ಪಿಗೆಯೆಂದು ಬಗೆದರೆ ಸುಧಾರಿಸುವ ಧೈರ್ಯ ಯಾರಿಗಿರುತ್ತದೆ? ಅಮೆರಿಕದ ಸಾಕ್ಷ್ಯ ಕಾನೂನು ಈ ಆತಂಕವನ್ನು ಅರಿತಿದೆ. ಅಲ್ಲಿನ ಫೆಡರಲ್ ಸಾಕ್ಷ್ಯ ನಿಯಮಾವಳಿಯ 407ನೇ ನಿಯಮದಂತೆ, ಘಟನೆಯ ನಂತರ ಕೈಗೊಂಡ ಸುಧಾರಣೆಯನ್ನು ಮೂಲ ವಸ್ತುವಿನಲ್ಲಿ ದೋಷವಿತ್ತೆಂದು ಸಾಧಿಸಲು ಪುರಾವೆಯಾಗಿ ಬಳಸುವಂತಿಲ್ಲ. ಹೀಗಿರುವಾಗ ‘ಸರಿಪಡಿಸಿದರೆ ಸಿಕ್ಕಿಬೀಳುತ್ತೇವೆ’ ಎಂಬ ನೆಪಕ್ಕೆ ಅಲ್ಲಿ ಹೆಚ್ಚಿನ ಬಲವಿಲ್ಲ.

ಆದ್ದರಿಂದ ಸುಧಾರಣೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗದೆ ಮೂರು ಬಗೆಯಾಗಿ ನೋಡುವುದು ವಿವೇಕ.

ಮೊದಲನೆಯದು, ಪ್ರಾಣಕ್ಕೆ ಸಂಬಂಧಿಸಿದ್ದು. ಇಲ್ಲಿ ಚರ್ಚೆಗೆ ಎಡೆಯೇ ಇಲ್ಲ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ ಮರ್ಸಿಡಿಸ್‌ನ ಎ-ಕ್ಲಾಸ್ ಕಾರು ಮಗುಚಿಬಿತ್ತು. ಅದು ಸ್ಪೋರ್ಟ್ಸ್ ಕಾರಲ್ಲ, ಪುಟ್ಟ ಸಂಸಾರದ ಕಾರು. ಮೊದಮೊದಲು ಅಲ್ಲಗಳೆದ ಕಂಪೆನಿ ಕೊನೆಗೆ ಮಾರಾಟವನ್ನೇ ನಿಲ್ಲಿಸಿ, ಮಾರಿದ ಕಾರುಗಳನ್ನೂ ಕರೆಸಿ ಇಎಸ್‌ಪಿ ಅಳವಡಿಸಿತು. ಆಡಿ ಟಿಟಿಯ ಹಾದಿಯೂ ಇದೇ. ಜೀವದ ಪ್ರಶ್ನೆಯಿರುವಲ್ಲಿ ಸುಧಾರಣೆ ಉಚಿತವಾಗಿರಬೇಕು. ಕಾರು ಮೊದಲನೇ ಮಾಲೀಕನಲ್ಲಿದೆಯೋ ನಾಲ್ಕನೆಯವನಲ್ಲಿದೆಯೋ ಎಂಬುದು ಲೆಕ್ಕಕ್ಕೆ ಬರಬಾರದು.

ಎರಡನೆಯದು, ಬಾಳಿಕೆಗೆ ಸಂಬಂಧಿಸಿದ್ದು, ಪೋರ್ಶೆಯ ಬೇರಿಂಗ್‌ನಂಥದ್ದು. ಇಲ್ಲಿ ತಯಾರಕ ಎಲ್ಲವನ್ನೂ ಪುಕ್ಕಟೆ ಕೊಡಬೇಕೆನ್ನುವುದು ಅತಿಯಾದೀತು. ಆದರೆ ದೋಷ ತಿಳಿದ ದಿನವೇ ಅದನ್ನು ಬಹಿರಂಗಪಡಿಸುವುದು, ಹಳೆಯ ಕಾರಿಗೆ ಹೊಂದುವ ಪರಿಹಾರವನ್ನು ರೂಪಿಸುವುದು, ಅದನ್ನು ನ್ಯಾಯವಾದ ಬೆಲೆಗೆ ಒದಗಿಸುವುದು, ಸ್ವತಂತ್ರ ಗ್ಯಾರೇಜ್‌ಗಳಿಗೆ ಅದರ ಮಾಹಿತಿ ನೀಡುವುದು ಅವನ ಹೊಣೆ. ಮುಚ್ಚಿಟ್ಟ ದೋಷದ ಬೆಲೆ ತೆರುವವನು ಸೆಕೆಂಡ್ ಹ್ಯಾಂಡ್ ಕೊಂಡ, ಹೆಚ್ಚು ಹಣವಿಲ್ಲದ, ಬಹುಕಾಲದ ಆಸೆಯನ್ನು ಕೂಡಿಟ್ಟ ಹಣದಿಂದ ಪೂರೈಸಿಕೊಂಡ ಮನುಷ್ಯ.

ಮೂರನೆಯದು, ಕೇವಲ ಉತ್ಕರ್ಷಕ್ಕೆ ಸಂಬಂಧಿಸಿದ್ದು. ಹೆಚ್ಚಿನ ಶಕ್ತಿ, ಹೊಸ ಪರದೆ, ದೊಡ್ಡ ಬ್ಯಾಟರಿ. ಇಲ್ಲಿ ಬಾಧ್ಯತೆಯಿಲ್ಲ, ಆದರೆ ಅವಕಾಶವಿದೆ. 2008ರಿಂದ 2012ರವರೆಗೆ ತಯಾರಾದ ಟೆಸ್ಲಾ ರೋಡ್‌ಸ್ಟರ್‌ಗೆ ಕಂಪೆನಿ 2014ರಲ್ಲಿ ಹೆಚ್ಚು ಸಾಮರ್ಥ್ಯದ ಬ್ಯಾಟರಿ ಘೋಷಿಸಿತು. ಬೆಲೆ 29 ಸಾವಿರ ಡಾಲರ್. ಬೇಕಾದವರು ಕೊಳ್ಳಬಹುದಿತ್ತು, ಬೇಡವಾದವರು ಬಿಡಬಹುದಿತ್ತು. ಇದಕ್ಕೆ ಪ್ರತಿಯಾಗಿ ಮಾಜ್ದಾ ಕಂಪೆನಿ 2017ರಲ್ಲಿ ಜಪಾನಿನಲ್ಲಿ ಮೊದಲ ಪೀಳಿಗೆಯ ರೋಡ್‌ಸ್ಟರ್ ಕಾರುಗಳ ಪುನರುದ್ಧಾರ ಯೋಜನೆ ಪ್ರಕಟಿಸಿದಾಗ ಸುಧಾರಿಸಲು ಹೋಗಲಿಲ್ಲ. ಮೇಲ್ಹೊದಿಕೆ, ಸ್ಟಿಯರಿಂಗ್ ಚಕ್ರ, ಟಯರುಗಳನ್ನು ಹಿಂದಿದ್ದ ಹಾಗೆಯೇ ಮತ್ತೆ ಒದಗಿಸಲು ಮುಂದಾಯಿತು. ಹಳೆಯ ಸ್ಪೋರ್ಟ್ಸ್ ಕಾರಿನ ಮಾಲೀಕ ಪ್ರೀತಿಸುವುದು ಅದರ ಹಳತನವನ್ನೂ ಸೇರಿಸಿಯೇ. ಸ್ಪಾಯ್ಲರ್ ಇಲ್ಲದ ಮೂಲ ಟಿಟಿಯೇ ಚೆಂದವೆನ್ನುವವರು ಇಂದಿಗೂ ಇದ್ದಾರೆ. ಅವರ ಒಪ್ಪಿಗೆಯಿಲ್ಲದೆ ಸೊಗಸಿನ ಹೆಸರಿನಲ್ಲಿ ಹೇರುವ ಸುಧಾರಣೆ ಉಪಕಾರವಲ್ಲ.

ಇದು ಸಿರಿವಂತ ದೇಶಗಳ ಸಿರಿವಂತರ ಚಿಂತೆ ಎಂದು ನಾವು ತಳ್ಳಿಹಾಕುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷಪೂರಿತ ವಾಹನಗಳನ್ನು ಹಿಂದಕ್ಕೆ ಕರೆಸಲು ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ಏಳು ವರ್ಷ ಮೀರದ ವಾಹನಗಳಿಗೆ ಅನ್ವಯವಾಗುತ್ತವೆ. ಏಳು ವರ್ಷಕ್ಕೆ ಕಾಲಿಟ್ಟ ಕಾರು ಮಧ್ಯಮ ವರ್ಗದ ಮನೆಗಳಲ್ಲಿ ಇನ್ನೂ ದುಡಿಯುತ್ತಲೇ ಇರುತ್ತದೆ. ಎಷ್ಟೋ ಮನೆಗಳಿಗೆ ಅದು ಆಗಷ್ಟೇ ಬಂದಿರುತ್ತದೆ. ಇತ್ತ ಮಾಲೀಕ ತಾನಾಗಿಯೇ ವಾಹನದ ಮೂಲ ವಿನ್ಯಾಸವನ್ನು ಬದಲಿಸಲು ಹೊರಟರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ. ಮಾಲೀಕನ ಕೈ ಕಟ್ಟುವ ಕಾನೂನು ತಯಾರಕನ ಹೊಣೆಯನ್ನು ಅಷ್ಟು ಬೇಗ ಸಡಿಲಿಸುವುದು ನ್ಯಾಯವಲ್ಲ. ಕನಿಷ್ಠಪಕ್ಷ ಪ್ರಾಣಕ್ಕೆ ಕುತ್ತಾಗುವ ದೋಷಗಳಿಗಾದರೂ ಈ ವರ್ಷಗಳ ಲೆಕ್ಕ ಇರಬಾರದು.

ನಿನ್ನೆ ಗೊತ್ತಿಲ್ಲದ್ದು ಇಂದು ಗೊತ್ತಾಗುವುದೇ ವಿಜ್ಞಾನದ ಸೊಗಸು. ತಿಳಿಯದೆ ಮಾಡಿದ ತಪ್ಪಿಗೆ ತಯಾರಕನನ್ನು ಕ್ಷಮಿಸಬಹುದು. ತಿಳಿದ ಮೇಲೂ ಹೊಸ ಗ್ರಾಹಕನಿಗೆ ಮಾತ್ರ ಅದರ ಫಲ ಕೊಟ್ಟು, ತನ್ನನ್ನು ಮೊದಲು ನಂಬಿ ಬಂದವನತ್ತ ಬೆನ್ನು ತಿರುಗಿಸಿದರೆ ಅದನ್ನು ವ್ಯಾಪಾರವೆನ್ನಬಹುದೇ ಹೊರತು ನಂಬಿಕೆ ಉಳಿಸಿಕೊಂಡಂತೆ ಎನ್ನಲಾಗದು.